ಸಂಜೆಗೇ ಮುಗಿಸಬೇಕಾದ ಚಿಂತೆ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ಅಲ್ಲಿ ನಡುನಡುವೆ ತುಳು, ಮಲೆಯಾಳ ಎಲ್ಲ ಬಂದಿತ್ತು. ಬರೆಯುವಾಗ ಒಂದು ಹದಕ್ಕೆ ತಂದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಕೈಯಲ್ಲಿ ಈಗ ಚಾ ಇದೆ. ಗಂಟೆ ಐದೂವರೆ. ನಿದ್ದೆಯ ಬಗ್ಗೆ ಮಾತು ಇಟ್ಟು, ಬಂದವರಿಗೆಲ್ಲ ಸ್ಟ್ರಾಂಗ್ ಚಾ ಕೊಡುವುದು ನಮ್ಮ ವಾಚನಾಲಯದವರಿಂದ ಮಾತ್ರ ಸಾಧ್ಯ. ಬೈಯುತ್ತಿಲ್ಲ, ನಾನೂ ಕುಡಿದೆ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ಚಾ, ಕಾಫಿಯಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಹೆಚ್ಚಿನವರ ಮೈಗೆ ಸುಮಾರು 5 ಗಂಟೆ ಬೇಕು. ಅಂದರೆ ಈಗ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತೂವರೆಗೂ ಒಳಗೇ ಇರುತ್ತದೆ. ಕೆಲವರಿಗೆ ಇದರಿಂದ ಏನೂ ಆಗುವುದಿಲ್ಲ. ನಮ್ಮ ಅತ್ತೆ ರಾತ್ರಿ ಊಟದ ಮೇಲೆ ಒಂದು ಲೋಟ ಕಾಫಿ ಕುಡಿದು, ನಾನು ಆ ಲೋಟ ತೊಳೆದಿಡುವ ಮುಂಚೆ ನಿದ್ದೆ ಹೋಗುತ್ತಿದ್ದರು. ನನಗೆ ಆಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆ ಕಳೆದರೆ ನನಗೆ ಕೊತ್ತಂಬರಿ ಜೀರಿಗೆ ಕಷಾಯವೇ. ಇವತ್ತು ನಿಮ್ಮ ಮರ್ಯಾದೆಗೆ ಕುಡಿದಿದ್ದೇನೆ.

ನಾನು ಡಾಕ್ಟರಲ್ಲ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಇಲ್ಲಿ ಕೂತವರಲ್ಲಿ ಸುಮಾರು ಜನ ನನ್ನ ಕ್ಲಾಸಿನಲ್ಲಿ ತೂಕಡಿಸಿದವರೇ. ಹಾಗಾಗಿ ಈ ವಿಷಯಕ್ಕೆ ಟೀಚರೇ ಸರಿ ಎಂದು ಕರೆದಿರಬೇಕು. ನಾನು ಒಪ್ಪಿಕೊಂಡ ಕಾರಣ ಬೇರೆ. ಹತ್ತಿರ ಹತ್ತಿರ ಎರಡು ವರ್ಷ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಆ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನಲ್ಲಿ, ಮಳೆ ಬಿಡಲೇ ಇಲ್ಲ. ಅಡಿಕೆಗೆ ಮೊದಲನೇ ಮದ್ದು ಬಿಟ್ಟು, ಅಂದರೆ ಸಿಂಪಡಿಸಿ, ಆಗಿತ್ತು. ಎರಡನೆಯದಕ್ಕೆ ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಿದ್ದೆವು. ಮರ ಹತ್ತುವ ಜನವೂ ಸಿಗಲಿಲ್ಲ, ಹತ್ತುವಷ್ಟು ಬಿಸಿಲೂ ಬರಲಿಲ್ಲ. ಬೆಳಗ್ಗೆ ತೋಟಕ್ಕೆ ಇಳಿದರೆ ಎಳೆ ಅಡಿಕೆ ಬುಡದಲ್ಲೆಲ್ಲ ಉದುರಿ ಬಿದ್ದಿರುತ್ತಿತ್ತು, ಮೇಲೆ ಬಿಳಿ ಬೂಸ್ಟು. ಕೊಳೆರೋಗ. ಅದೇ ಹೊತ್ತಿಗೆ ದುಬೈಯಲ್ಲಿ ಮಗನ ಕಂಪೆನಿಯಲ್ಲಿ ಜನ ತೆಗೆಯುತ್ತಾರೆ ಎಂಬ ಸುದ್ದಿ. ನಾನು ರಿಟೈರಾಗಿ ಒಂದು ವರ್ಷ. ಹಗಲು ಹೇಗೋ ಕಳೆಯುತ್ತಿತ್ತು.

ಮಲಗುವ ಕೋಣೆಯಲ್ಲಿ ಕತ್ತಲಲ್ಲಿ ಹೊಳೆಯುವ ಮುಳ್ಳಿನ ಒಂದು ಅಲಾರಂ ಗಡಿಯಾರ ಇತ್ತು. ಕಣ್ಣು ಬಿಟ್ಟರೆ ಆ ಹಸಿರು ಮುಳ್ಳು. ಎರಡು ಗಂಟೆ ಹತ್ತು ನಿಮಿಷ. ಹೊರಗೆ ಹಂಚಿನ ನೀರು ಅಂಗಳದ ಬಕೆಟಿಗೆ ಟಪ್ ಟಪ್ ಎಂದು ಬೀಳುತ್ತಿದೆ. ನಾನು ಲೆಕ್ಕ ಹಾಕುತ್ತಿದ್ದೆ. ಏಳುವುದು ಐದೂವರೆಗೆ, ಈಗ ನಿದ್ದೆ ಬಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಸಿಗುತ್ತದೆ. ಮಗ್ಗುಲು ಬದಲಿಸಿ ನೋಡಿದರೆ ಎರಡೂ ಮುಕ್ಕಾಲು. ಈಗ ಬಂದರೆ ಎರಡೂ ಮುಕ್ಕಾಲು ಗಂಟೆ. ಸೊಸೈಟಿಯ ಸಾಲಕ್ಕೆ ಬಡ್ಡಿ ಲೆಕ್ಕ ಹಾಕಿದ ಹಾಗೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ ಇದೆ ಅಲ್ವಾ, ಆ ಗಾದೆ ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿತ್ತು. ನಮ್ಮ ಮನೆಯವರಿಗೆ ತಲೆ ದಿಂಬಿಗೆ ತಾಗಿದರೆ ಸಾಕು. ಎಂಥ ಪುಣ್ಯವಂತರು ಎಂದು ಹೊಟ್ಟೆ ಉರಿಯುತ್ತಿತ್ತು. ಆ ಗೊರಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಗ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಮೆಸೇಜು ಕಳಿಸಿದಳು. ಮಲಗುವಾಗ ಒಳ್ಳೆಯದನ್ನೇ ಯೋಚಿಸಿ, "ಎಲ್ಲ ಒಳ್ಳೆಯದಾಗುತ್ತದೆ" ಎಂದು 21 ಸಲ ಮನಸ್ಸಿನಲ್ಲಿ ಹೇಳಿಕೊಳ್ಳಿ ಎಂದು. ಹೇಳಿದೆ. ಹನ್ನೊಂದನೇ ಸಲಕ್ಕೆ ಒಳಗಿನಿಂದ ಒಬ್ಬಳು ಕೇಳಿದಳು, "ಹೇಗೆ?" ಅವಳಿಗೆ ಉತ್ತರ ಕೊಡುತ್ತ ಕೊಡುತ್ತ ನಾಲ್ಕು ಗಂಟೆಯಾಯಿತು.

ಕೆಟ್ಟ ಯೋಚನೆ ಬೇಡವೇ ಬೇಡ ಎಂದು ತಳ್ಳಿ ನೋಡಿದೆ. ಅದು ಇನ್ನೂ ಮೋಸ. ಮಂಗನನ್ನು ನೆನೆಯದೆ ಮದ್ದು ಕುಡಿಯಬೇಕು ಎಂದ ಪಂಡಿತನ ಕಥೆ ನಿಮಗೆಲ್ಲ ಗೊತ್ತು. ರೋಗಿಗೆ ಅಲ್ಲಿಯ ತನಕ ಮಂಗನ ನೆನಪೇ ಇರಲಿಲ್ಲ, ಆಮೇಲೆ ಲೋಟ ಎತ್ತಿದಾಗೆಲ್ಲ ಮಂಗ. ಇದನ್ನೇ 1987ರಲ್ಲಿ ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಜೊತೆಯವರೊಂದಿಗೆ ಪ್ರಯೋಗ ಮಾಡಿ ನೋಡಿದ. ಮಂಗನ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯ ಯೋಚನೆ ಮಾಡಬೇಡಿ, ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ. ಸರಾಸರಿ ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಕರಡಿ ಬಂತು. ಮನಸ್ಸು ಅಂದರೆ ಹಾಗೆ. ಬರಬೇಡ ಎಂದು ಬಾಗಿಲಲ್ಲಿ ಕಾವಲು ನಿಲ್ಲಿಸಿದರೆ, ಆ ಕಾವಲುಗಾರನೇ ಗಳಿಗೆಗೊಮ್ಮೆ "ಬಂತಾ, ಬಂತಾ" ಎಂದು ಕೇಳುತ್ತಾನೆ.

ಹಾಗಾದರೆ ಒಳ್ಳೆ ಯೋಚನೆಯಿಂದ ನಿದ್ದೆ ಬರುತ್ತದೆ ಎನ್ನುವುದು ಸುಳ್ಳಾ? ಸುಳ್ಳಲ್ಲ. ಯಾವ ಒಳ್ಳೆ ಯೋಚನೆ ಎಂಬಲ್ಲಿ ನಾನು ತಪ್ಪಿದ್ದೆ. ಮನಸ್ಸು ನಂಬುವಂಥದ್ದು ಆಗಬೇಕು. "ಎಲ್ಲ ಒಳ್ಳೆಯದಾಗುತ್ತದೆ" ಎಂದರೆ ಅದು ನಂಬುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರೂ ನಂಬುವುದಿಲ್ಲ. "ಶುಕ್ರವಾರ ಮದ್ದು ಬಿಡಲು ಜನ ಬರುತ್ತಾರೆ, ಒಪ್ಪಿಕೊಂಡಿದ್ದಾರೆ" ಎಂದರೆ ನಂಬುತ್ತದೆ. ಅಷ್ಟು ಸಣ್ಣದು ಸಾಕು. ಆದರೆ ಅದು ನಿಜವಾಗಿರಬೇಕಾದರೆ ಹಗಲಲ್ಲೇ ಆ ಜನಕ್ಕೆ ಫೋನ್ ಮಾಡಿರಬೇಕು. ರಾತ್ರಿಯ ಒಳ್ಳೆ ಯೋಚನೆಗೆ ಸಂಜೆಯೇ ಸ್ವಲ್ಪ ಕೆಲಸ ಮಾಡಿಡಬೇಕು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಂಡದ್ದು.

ನಾನು ಮಾಡಿದ್ದು ಹೀಗೆ. ಮಗಳ ಹಳೇ ನೋಟ್ಸ್ ಪುಸ್ತಕ ಒಂದಿತ್ತು, ಹಿಂದಿನ ಹಾಳೆಗಳು ಖಾಲಿ. ದೀಪ ಇಟ್ಟು, ಭಜನೆ ಮುಗಿದು, ಊಟದ ಮುಂಚೆ ಜಗಲಿಯಲ್ಲಿ ಕೂತು ಬರೆಯಲು ಸುರು ಮಾಡಿದೆ. ಒಂದು ದಿನದ್ದು ಇಲ್ಲೇ ಇದೆ, ಓದುತ್ತೇನೆ. "ಮೈಲುತುತ್ತು ಇನ್ನೂ 2 ಕಿಲೋ ಬೇಕು. ನಾಳೆ ಹತ್ತು ಗಂಟೆಯ ಬಸ್ಸಿಗೆ ಹೋಗಿ ತರುವುದು. ಏಣಿಯ ಹಗ್ಗ ಸವೆದಿದೆ. ಮಗನಿಗೆ ನೋಟಿಸ್ ಬಂದರೆ ಎಷ್ಟು ತಿಂಗಳ ಸಂಬಳ ಕೊಡುತ್ತಾರೆ ಕೇಳುವುದು, ಭಾನುವಾರ. ಮಳೆ ಬಿಡದಿದ್ದರೆ? ಅದಕ್ಕೆ ನಾನೇನೂ ಮಾಡಲಿಕ್ಕಾಗುವುದಿಲ್ಲ." ಇಷ್ಟೇ. ಕೊನೆಯ ಸಾಲು ಬರೆದಾಗ ಯಾಕೋ ಸಮಾಧಾನ ಆಯಿತು. ಪುಸ್ತಕ ಮುಚ್ಚಿ ಜಗಲಿಯ ಗೂಡಿನಲ್ಲೇ ಇಟ್ಟೆ. ಮಲಗುವ ಕೋಣೆಗೆ ಅದು ಬರಬಾರದು.

ಆಮೇಲೆ ಗೊತ್ತಾಯಿತು, ಇದನ್ನೂ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. 57 ಜನ ಯುವಕ ಯುವತಿಯರು. ಅರ್ಧ ಜನ ಮಲಗುವ ಮುಂಚೆ 5 ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಮಾಡಬೇಕಾದದ್ದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಕೆಲಸವನ್ನು ಬಿಡಿಸಿ ಬಿಡಿಸಿ ಬರೆದಷ್ಟೂ ಬೇಗ. 9 ನಿಮಿಷ ಏನು ಮಹಾ ಎಂದು ನಗಬೇಡಿ. ನಿದ್ದೆ ಬಾರದವರಿಗೆ ಒಂಬತ್ತು ನಿಮಿಷ ಎಷ್ಟು ಉದ್ದ ಎಂದು ಗೊತ್ತಿರುತ್ತದೆ.

ಇನ್ನು ಮೈಯ ವಿಷಯ. ನಮ್ಮ ಕಡೆಯ ಸುರಂಗ ನಿಮಗೆ ಗೊತ್ತು. ಗುಡ್ಡದ ಒಳಗಿನಿಂದ ನೀರು ಸಣ್ಣಗೆ ಒಸರಿ ಬಂದು ಟ್ಯಾಂಕಿ ತುಂಬುತ್ತದೆ. ನಿದ್ದೆಯೂ ಹಾಗೇ ತುಂಬುವುದು. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಒಸರಿ ಒಸರಿ ತುಂಬುತ್ತ ಹೋಗುತ್ತದೆ, ಅದೇ ಕಣ್ಣು ಎಳೆಯುವುದು. ಕೆಫೀನ್ ಮಾಡುವ ಕೆಲಸ ಎಂದರೆ ಈ ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುವುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ಎರಡು ಗಂಟೆ ಮಲಗಿದರೆ ಟ್ಯಾಂಕಿಯ ಗೇಟುವಾಲ್ ತೆಗೆದ ಹಾಗೆ. ರಾತ್ರಿ ತೋಟಕ್ಕೆ ಬಿಡಲು ನೀರಿಲ್ಲ ಎಂದು ಅತ್ತರೆ ಏನು ಪ್ರಯೋಜನ? ಮಲಗಲೇಬೇಕು ಎನ್ನುವವರು ಮೂರು ಗಂಟೆಯ ಒಳಗೆ ಅರ್ಧ ಗಂಟೆ ಮಲಗಿ, ಅಲಾರಂ ಇಟ್ಟು.

ಇದರ ಜೊತೆ ಇನ್ನೊಂದು ಗಡಿಯಾರ ಇದೆ. ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ದಾಟುವ ಜಾಗದ ಮೇಲೆ, ಅಕ್ಕಿ ಕಾಳಿನಷ್ಟು ಸಣ್ಣದು. ಜೀವಕೋಶದ ಒಳಗೆ ಈ ಗಡಿಯಾರ ಹೇಗೆ ತಿರುಗುತ್ತದೆ ಎಂದು ಕಂಡುಹಿಡಿದದ್ದಕ್ಕೆ 2017ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರು ಕಲಿತದ್ದು ಯಾವುದರಿಂದ ಗೊತ್ತಾ? ಕಳಿತ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಆ ಸಣ್ಣ ನೊಣದಿಂದ. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಅದಕ್ಕೇ ನಿದ್ದೆಯ ತಜ್ಞರು ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ ಎನ್ನುವುದು. ರಾತ್ರಿ ನಿದ್ದೆ ಇಲ್ಲ ಎಂದು ಬೆಳಗ್ಗೆ ಎಂಟರ ತನಕ ಬಿದ್ದುಕೊಂಡರೆ ಆ ರಾತ್ರಿಯೂ ಹೋಯಿತು. ಎದ್ದು ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ದಾಸವಾಳ ಕೊಯ್ಯುವ ನೆಪವಾದರೂ ಇರಲಿ.

ಬಚ್ಚಲಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ನಮಸ್ಕಾರ ಹೇಳಬೇಕು. ತೋಟದಿಂದ ಬಂದು ಸಂಜೆ ಹಂಡೆಯ ಬಿಸಿನೀರಲ್ಲಿ ಮೀಯುವುದು ನಮ್ಮಲ್ಲಿ ಲಾಗಾಯ್ತಿನಿಂದ ಇದೆ. ಈ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2019ರಲ್ಲಿ ನೋಡಿದಾಗ, ಮಲಗುವ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿ ಬಿಸಿಯ ನೀರಲ್ಲಿ ಮಿಂದವರಿಗೆ ಸುಮಾರು 10 ನಿಮಿಷ ಬೇಗ ನಿದ್ದೆ ಬಂದದ್ದು ಕಂಡಿತು. ಬಿಸಿನೀರಿಗೆ ಕೈಕಾಲಿನ ರಕ್ತನಾಳ ಅಗಲವಾಗಿ ಒಳಗಿನ ಕಾವು ಹೊರಗೆ ಹೋಗುತ್ತದೆ. ಮೈಯ ಒಳಗು ತಂಪಾದರೇ ನಿದ್ದೆ. ಈಗ ಮಕ್ಕಳು ಬೆಳಗ್ಗೆ ಗಡಿಬಿಡಿಯಲ್ಲಿ ಎರಡು ಚೊಂಬು ತಣ್ಣೀರು ಹೊಯ್ದುಕೊಂಡು ಓಡುತ್ತಾರೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕುವವರೂ ಇಲ್ಲ.

ಫೋನಿನ ವಿಷಯ. ಮಲಗುವ ಒಂದು ಗಂಟೆ ಮುಂಚೆ ಫೋನ್ ಬದಿಗಿಡಿ ಎಂದು ಎಲ್ಲ ಪೇಪರಿನಲ್ಲೂ ಬರೆಯುತ್ತಾರೆ. ಬರೆದವರ ಮಕ್ಕಳು ಗಲ್ಫಿನಲ್ಲಿ ಇರಲಿಕ್ಕಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹುಡುಗರು ಡ್ಯೂಟಿ ಮುಗಿಸಿ, ರೂಮಿಗೆ ಬಂದು, ಬೇಯಿಸಿ ತಿಂದು ಫೋನ್ ಮಾಡುವಾಗ ಅಲ್ಲಿ ಹತ್ತು, ಇಲ್ಲಿ ಹನ್ನೊಂದೂವರೆ. ಮಾಡಬೇಡ ಎನ್ನುವುದಾ? ಈ ಊರಿನಲ್ಲಿ ಎಷ್ಟೋ ಮನೆಗಳು ಆ ಹನ್ನೊಂದೂವರೆಯ ಫೋನಿನ ಮೇಲೆ ನಿಂತಿವೆ. ನಾವು ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿಯ ಫೋನಿನಲ್ಲಿ ಏನು ಪದಾರ್ಥ, ದನ ಕರು ಹಾಕಿತಾ, ಅಜ್ಜಿಯ ಕಾಲುನೋವು ಹೇಗಿದೆ, ಅಷ್ಟೇ. ವೀಸಾ, ಸಾಲ, ಕೆಲಸ, ಇವೆಲ್ಲ ಭಾನುವಾರ ಹಗಲು. ಮಗನಿಗೂ ಅದರಿಂದ ಹಗುರವಾಯಿತು, ಅವನೇ ಹೇಳಿದ. ಫೋನಿನ ಬೆಳಕು ನಿದ್ದೆ ಕೆಡಿಸುತ್ತದೆ ಎನ್ನುತ್ತಾರೆ, ಇರಬಹುದು. ನನ್ನ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಅದರೊಳಗಿನ ಮಾತು. ಮಲಗುವ ಮುಂಚೆ ಅಡಿಕೆ ಧಾರಣೆಯ ಗ್ರೂಪು ನೋಡುವವರು ಕೈ ಎತ್ತಿ ನೋಡೋಣ. ರಾತ್ರಿ ಹತ್ತಕ್ಕೆ ಧಾರಣೆ ನೋಡಿ ನೀವು ಮಾರುವುದು ಯಾರಿಗೆ?

ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದ ರಾತ್ರಿ ಇರುತ್ತದೆ. ಆಗ ಹೊರಳಾಡಬೇಡಿ, ಎದ್ದುಬಿಡಿ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬವರು ಹೇಳಿದ ಉಪಾಯ ಇದು, ಇವತ್ತಿಗೂ ಡಾಕ್ಟರುಗಳು ಇದನ್ನೇ ಹೇಳುತ್ತಾರೆ. ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದುಕೊಂಡೇ ಇದ್ದರೆ, ಹಾಸಿಗೆ ಎಂದರೆ ಎಚ್ಚರದ ಜಾಗ ಎಂದು ಮೈ ಕಲಿತುಬಿಡುತ್ತದೆ. ಟಿವಿ ನೋಡುತ್ತ ತೂಕಡಿಸುವವರು ಹಾಸಿಗೆಗೆ ಹೋದ ಕೂಡಲೇ ಕಣ್ಣು ಬಿಡುತ್ತಾರೆ, ನೋಡಿದ್ದೀರಾ? ಅದೇ ಇದು. ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು, ಸಣ್ಣ ಬೆಳಕಿನಲ್ಲಿ ಬೇಸರ ಬರುವಂಥ ಕೆಲಸ ಮಾಡಿ. ಕಣ್ಣು ಎಳೆದಾಗ ಹೋಗಿ ಮಲಗಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ನಾನು ಆ ಹಸಿರು ಮುಳ್ಳಿನ ಗಡಿಯಾರವನ್ನು ಅಡುಗೆಮನೆಗೆ ಕಳಿಸಿದೆ.

ಬೇಸರದ ಕೆಲಸ ಎಂದು ನಾನು ಮೊದಲು ಹಿಡಿದದ್ದು ಅಡಿಕೆ ಸುಲಿಯುವುದನ್ನು. ಅರೆನಿದ್ದೆಯಲ್ಲಿ ಕತ್ತಿ. ಮೂರನೇ ದಿನ ಹೆಬ್ಬೆರಳು ಕೊಯ್ದು, ಮನೆಯವರನ್ನು ಎಬ್ಬಿಸಿ, ಅರಸಿನ ಹಾಕಿ ಬಟ್ಟೆ ಕಟ್ಟಿಸಿಕೊಂಡೆ. ಆಮೇಲೆ ಸುಲಿದ ಅಡಿಕೆ ಹೆಕ್ಕುವ ಕೆಲಸಕ್ಕೆ ಇಳಿದೆ. ಪಟೋರ, ಕೋಕ ಎಂದು ದರ್ಜೆ ಬೇರೆ ಬೇರೆ ಮಾಡುವುದು. ಸೊನ್ನೆ ವಾಟಿನ ಬಲ್ಬಿನಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಬೆಳಗ್ಗೆ ನಮ್ಮ ಮನೆಯವರು ಅದನ್ನು ಪುನಃ ಹೆಕ್ಕುತ್ತಿದ್ದರು. ಆದರೆ ಅರ್ಧ ಗೆರಸೆ ಮುಗಿಯುವಾಗ ನನಗೆ ಆಕಳಿಕೆ ಬಂದಿರುತ್ತಿತ್ತು.

ನಿದ್ದೆ ಬರಲಿ ಎಂದು ಹಟ ಹಿಡಿಯುವುದೇ ದೊಡ್ಡ ಅಡ್ಡಿ. ಚಿಕ್ಕಂದಿನಲ್ಲಿ ಯಕ್ಷಗಾನದ ಆಟಕ್ಕೆ ಹೋದದ್ದು ನೆನಪು ಮಾಡಿಕೊಳ್ಳಿ. ಆಗ ಕಾಲಮಿತಿ ಇಲ್ಲ, ಬೆಳಗಿನ ತನಕ ಆಟ. ಗದ್ದೆಯಲ್ಲಿ ಚಾಪೆ ಹಾಸಿ ಅಜ್ಜಿಯ ಪಕ್ಕ ಕೂತರೆ ನಮಗೆ ಒಂದೇ ಹಟ, ಮಹಿಷಾಸುರ ಬರುವ ತನಕ ಮಲಗಬಾರದು. ಕಣ್ಣು ದೊಡ್ಡದು ಮಾಡಿ ಕೂರುವುದು, ತೊಡೆ ಚಿವುಟಿಕೊಳ್ಳುವುದು. ಆಮೇಲೆ ನೆನಪಿರುವುದು ಬೆಳಕು ಹರಿದು ಅಜ್ಜಿ ಚಾಪೆ ಸುತ್ತುತ್ತ "ಏಳು ಮಗಾ" ಎಂದದ್ದು ಮಾತ್ರ. ನಾಲ್ಕು ಮಾರು ದೂರದಲ್ಲಿ ಚೆಂಡೆ. ನಮ್ಮ ತಲೆಯ ಹತ್ತಿರವೇ ದೊಂದಿ ಹಿಡಿದು ಆರ್ಭಟ ಕೊಡುತ್ತ ಮಹಿಷಾಸುರ ಹೋದದ್ದು. ಒಂದೂ ಗೊತ್ತಿಲ್ಲ! ವಿಯೆನ್ನಾದ ಡಾಕ್ಟರ್ ವಿಕ್ಟರ್ ಫ್ರಾಂಕ್ಲ್ ನಿದ್ದೆ ಬಾರದವರಿಗೆ ಹೇಳುತ್ತಿದ್ದದ್ದು ಇದನ್ನೇ. ಕಣ್ಣು ಬಿಟ್ಟು ಮಲಗಿ ಆದಷ್ಟು ಹೊತ್ತು ಎಚ್ಚರ ಇರಲು ನೋಡಿ ಎಂದು. ನಾನು ಮಾಡಿ ನೋಡಿದ್ದೇನೆ. ಮಹಿಷಾಸುರ ಬರುವ ತನಕ ಮಲಗುವುದಿಲ್ಲ ಎಂದು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕಾಯುವುದು. ಎಲ್ಲ ರಾತ್ರಿ ಅಲ್ಲ, ಆದರೆ ಸುಮಾರು ಸಲ ಆತ ಬರುವ ಮುಂಚೆ ನಿದ್ದೆ ಬಂದಿದೆ.

ಹಿರಿಯರಿಗೆ ಒಂದು ಮಾತು. ಎಂಟೂವರೆಗೆ ಮಲಗುತ್ತೀರಿ. ಎರಡೂವರೆಗೆ ಎಚ್ಚರ ಆಗುತ್ತದೆ. "ಎರಡೂವರೆಯಿಂದ ಒಂದು ಕಣ್ಣು ನಿದ್ದೆ ಇಲ್ಲ ಟೀಚರೇ" ಎಂದು ದೂರು. ಲೆಕ್ಕ ಹಾಕಿ, ಆರು ಗಂಟೆ ಆಗಲೇ ಆಗಿದೆ. ಇದು ಕಾಯಿಲೆ ಅಲ್ಲ, ಬೇಗ ಮಲಗಿದ್ದಷ್ಟೇ. ಒಂದು ವಾರ ಹತ್ತರ ತನಕ ಎಚ್ಚರ ಇದ್ದು ನೋಡಿ.

ಈಗ ಆ ಗೊರಕೆ. ನಾನು ಹೊಟ್ಟೆ ಉರಿದುಕೊಂಡ ನಿದ್ದೆ. ರಾತ್ರಿ ಎಚ್ಚರ ಇದ್ದದ್ದರಿಂದ ಒಂದು ಉಪಕಾರ ಆಯಿತು, ಅದನ್ನು ಗಮನ ಕೊಟ್ಟು ಕೇಳಿದೆ. ಗೊರಕೆ ಏರುತ್ತ ಹೋಗಿ ಫಕ್ಕನೆ ನಿಲ್ಲುತ್ತಿತ್ತು. ಏನೂ ಸದ್ದಿಲ್ಲ. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಹದಿನೆಂಟು, ಇಪ್ಪತ್ತು. ಆಮೇಲೆ ನೀರಿನಿಂದ ಮೇಲೆ ಬಂದವರ ಹಾಗೆ ಒಂದು ದೊಡ್ಡ ಉಸಿರು. ಹಗಲು ಅವರು ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದರು, ಬಿಪಿ ಮಾತ್ರೆ ಎರಡಾದರೂ ಇಳಿಯುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡಿದ್ದೆವು. ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದು ರಾತ್ರಿ ಮೈಗೆಲ್ಲ ವಯರು ಅಂಟಿಸಿ ಪರೀಕ್ಷೆ ಮಾಡಿಸಿದೆವು. ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಉಸಿರಿಗೆ ತಡೆ ಬರುತ್ತಿತ್ತು. ಸ್ಲೀಪ್ ಆಪ್ನಿಯಾ ಎಂದರು. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಮುಚ್ಚುವುದು. ಈಗ ಮೂಗಿಗೆ ಮಾಸ್ಕ್ ಹಾಕಿ ಮಲಗುತ್ತಾರೆ, ಮಿಷಿನು ಗಾಳಿ ಒತ್ತಿ ಆ ದಾರಿ ತೆರೆದಿಡುತ್ತದೆ. ಮೊಮ್ಮಗಳು ಅಜ್ಜನಿಗೆ ಸೊಂಡಿಲು ಬಂತು ಎನ್ನುತ್ತಾಳೆ. ಸಂತೆಯಲ್ಲೂ ನಿದ್ದೆ ಮಾಡುವ ಪುಣ್ಯವಂತರಿಗೆ ನಿಜವಾಗಿ ನಿದ್ದೆಯೇ ಇರಲಿಲ್ಲ. ಇದಕ್ಕೆ ಯಾವ ಒಳ್ಳೆ ಯೋಚನೆಯೂ ಮದ್ದಲ್ಲ. ನಿಮ್ಮ ಮನೆಯಲ್ಲಿ ಇಂಥ ಗೊರಕೆ ಇದ್ದರೆ ನಗುತ್ತ ಕೂರಬೇಡಿ.

ಹಾಗೆಯೇ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಇಲ್ಲ, ಹೀಗೇ ಮೂರು ತಿಂಗಳು ಕಳೆಯಿತು ಎಂದಾದರೆ ಡಾಕ್ಟರ ಹತ್ತಿರ ಹೋಗಿ. ಮನಸ್ಸು ತೀರಾ ಕುಸಿದಿದ್ದರೆ ಮೂರು ತಿಂಗಳು ಕಾಯುವುದೂ ಬೇಡ. ಮಾತ್ರೆಗಿಂತ ಮುಂಚೆ ಯೋಚನೆ ಮತ್ತು ಅಭ್ಯಾಸ ತಿದ್ದುವ ಚಿಕಿತ್ಸೆ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಅದರ ಬಗ್ಗೆ ಕೇಳಿ. ಪಕ್ಕದ ಮನೆಯ ಅಕ್ಕನ ನಿದ್ದೆ ಮಾತ್ರೆ ಎರಡು ಕೊಡು ಎಂದು ಕೇಳಬೇಡಿ. ಒಂದು ಅಂಗಡಿಯಲ್ಲಿ ನನಗೇ ಚೀಟಿ ಇಲ್ಲದೆ ಒಂದು ಹಾಳೆ ಮಾತ್ರೆ ಕೊಟ್ಟಿದ್ದರು, ಯಾವುದೆಂದು ಹೇಳುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ನಾಳೆಯೇ ನಿಲ್ಲಿಸಲೂ ಬೇಡಿ, ಅದು ಅಪಾಯ. ಎರಡು ಪೆಗ್ಗು ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುವ ಮಹನೀಯರಿಗೆ, ಬರುತ್ತದೆ, ನಡುರಾತ್ರಿಯ ತನಕ. ಆಮೇಲಿನದ್ದು ನಿಮ್ಮ ಮನೆಯವರನ್ನು ಕೇಳಿ.

ಪ್ರಶ್ನೆ ಇದ್ದರೆ ಕೇಳಿ ಎಂದೆ. ಕುಟುಂಬಶ್ರೀ ಎಂಬ ಮಹಿಳಾ ಸಂಘದವರ ಸಾಲಿನಿಂದ ಒಬ್ಬರು ಎದ್ದರು. "ಟೀಚರ್, ಮಲಗುವ ಮುಂಚೆ ಒಂದು ಗಂಟೆ ಆರಾಮ ಕೂರಬೇಕು ಅಂತ ಎಲ್ಲರೂ ಹೇಳ್ತಾರೆ. ಆ ಗಂಟೆಯಲ್ಲಿ ಪಾತ್ರೆ ತೊಳೆಯುವುದು ಯಾರು, ನಾಳೆಗೆ ಅಕ್ಕಿ ಕಡೆಯುವುದು ಯಾರು?" ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಗಂಡಸರ ಸಾಲಿನ ಕಡೆ ನೋಡಿದೆ. ಅಲ್ಲಿ ಎಲ್ಲರೂ ಫ್ಯಾನು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಈಗ ರಾತ್ರಿಯ ಪಾತ್ರೆ ಅವರದ್ದು ಎಂದು ಹೇಳಿದೆ. ಮಾಸ್ಕ್ ಹಾಕಲು ಸುರು ಮಾಡಿದ ಮೇಲೆ ಅವರಿಗೆ ಸಂಜೆ ನಿಲ್ಲುವಷ್ಟು ತ್ರಾಣ ಬಂದಿದೆ. ಮೂಲೆಯಲ್ಲಿ ಕೂತಿದ್ದ ಅವರು ಎದ್ದು ಕೈ ಮುಗಿದರು.

ಹಿಂದಿನ ಬೆಂಚಿನ ಅಣ್ಣ ಒಬ್ಬರು ಕೇಳಿದ್ದು ಕೊನೆಯ ಪ್ರಶ್ನೆ. "ಇದೆಲ್ಲ ಸರಿ ಟೀಚರೇ. ಬರೆದೂ ಆಯಿತು, ಮಿಂದೂ ಆಯಿತು, ಒಳ್ಳೇ ನಿದ್ದೆಯೂ ಬಂತು ಅಂತ ಇಟ್ಟುಕೊಳ್ಳಿ. ರಾತ್ರಿ ಒಂದು ಗಂಟೆಗೆ ಆಚೆ ತೋಟದಲ್ಲಿ ಹಂದಿ ಓಡಿಸಲಿಕ್ಕೆ ಗರ್ನಾಲು ಪಟಾಕಿ ಹೊಡೀತಾರಲ್ಲ, ಅದಕ್ಕೇನು ಮಾಡುವುದು?"

ಎಲ್ಲರೂ ಜೋರಾಗಿ ನಕ್ಕರು. ಗರ್ನಾಲು ಹೊಡೆಯುವುದು ನನ್ನ ತಮ್ಮ. ಅವನು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ.